ಆರುನೂರ ಹನ್ನೊಂದನೆಯ ಚೀಟಿ

ನಮ್ಮ ಯಜಮಾನರ ಬಗ್ಗೆ ಯಾರಾದರೂ ಬರೆಯುವುದಿದ್ದರೆ ಅದು ನಾನೇ ಆಗಬೇಕು. ಬೇರೆಯವರು ಬರೆದರೆ ಅವರನ್ನು ದೊಡ್ಡ ಮನುಷ್ಯರನ್ನಾಗಿ ಮಾಡಿಬಿಡುತ್ತಾರೆ. ಮೂವತ್ತೊಂದು ವರ್ಷ ರೈಲು ನಿಲ್ದಾಣದ ಲಗೇಜ್ ರೂಮಿನಲ್ಲಿ ಕೂತು ಊರವರ ಪೆಟ್ಟಿಗೆ ಕಾದವರು ಅವರು, ಅಷ್ಟೇ. ಪೆಟ್ಟಿಗೆ ತೆಗೆದುಕೊಳ್ಳುವುದು, ಟೋಕನ್ ಕೊಡುವುದು, ಚೀಟಿಯಲ್ಲಿ ಪೆಟ್ಟಿಗೆಯ ಸ್ಥಿತಿ ಬರೆಯುವುದು: 'ಹಿಡಿಕೆ ಸಡಿಲ, ಬೀಗ ಇದೆ, ಎಡ ಮೂಲೆ ಜಜ್ಜಿದೆ.' ಮರಳಿ ಒಯ್ಯುವಾಗ ಯಾರೂ ತಕರಾರು ಎತ್ತಬಾರದಲ್ಲ. ನಿಲ್ದಾಣದ ಸುತ್ತಮುತ್ತಲಿನ ಮಕ್ಕಳು ಅವರನ್ನು ಟೋಕನ್ ತಾತ ಎಂದು ಕರೆಯುತ್ತಿದ್ದವು.

ಆ ಮೂವತ್ತೊಂದು ವರ್ಷದಲ್ಲಿ ಅವರು ಒಬ್ಬರ ಚೀಲವನ್ನೂ ತೆಗೆದು ನೋಡಿದವರಲ್ಲ. ಒಂದು ಸಲ ಯಾರದೋ ಸೂಟ್‌ಕೇಸಿನೊಳಗೆ ಅಲಾರಂ ಗಡಿಯಾರವೊಂದು ದಿನಾ ಬೆಳಗ್ಗೆ ಐದೂವರೆಗೆ ಹೊಡೆದುಕೊಳ್ಳತೊಡಗಿತು. ಒಂಬತ್ತು ದಿನ ಹೊಡೆದುಕೊಂಡಿತು. ಜೊತೆಯವರು ತೆಗೆದು ಆರಿಸೋಣ ಎಂದರೆ ಇವರು, "ಗಡಿಯಾರ ಅವ್ರದು, ಎಷ್ಟೊತ್ತಿಗೆ ಹೊಡೀಬೇಕು ಅನ್ನೋದೂ ಅವ್ರದೇ," ಎಂದರಂತೆ. ಸಾಲಿನ ವಿಷಯದಲ್ಲೂ ಹಾಗೆಯೇ. ನಮ್ಮ ಮದುವೆಯಾದ ಹೊಸತರಲ್ಲಿ ನಮ್ಮಪ್ಪ ಅಳಿಯನ ಸಲಿಗೆಯಲ್ಲಿ ನೇರವಾಗಿ ಕಿಟಕಿಯ ಹತ್ತಿರ ಹೋಗಿ ಚೀಲ ಚಾಚಿದರು. ಈ ಮಹಾರಾಯರು ಅವರನ್ನು ಹದಿನಾಲ್ಕು ಜನರ ಹಿಂದೆ ನಿಲ್ಲಿಸಿದರು. ನಮ್ಮಪ್ಪ ಒಂದು ವರ್ಷ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಇಂಥವರ ಜೊತೆ ಬಾಳುವುದು ಸುಲಭ ಎಂದುಕೊಳ್ಳಬೇಡಿ. ಪರರ ಬೀಗ ತೆಗೆಯದವರು ಮನೆಗೆ ಬಂದು ತಮ್ಮ ಬಾಯನ್ನೂ ತೆಗೆಯುವುದಿಲ್ಲ.

ಅವರು ನಿವೃತ್ತರಾಗಿ ಎರಡು ವರ್ಷಕ್ಕೆ ಯುದ್ಧ ಶುರುವಾಯಿತು. ನಮ್ಮ ಅಳಿಯ ಸೈನ್ಯದಲ್ಲಿ ಲಾರಿ ಚಾಲಕ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಮಗಳು ಆಗಷ್ಟೇ ಎರಡು ತಿಂಗಳ ಬಸುರಿ. ಅವನನ್ನು ಗಡಿಗೆ ಕಳಿಸಿದರು, ಮಗಳು ನಮ್ಮ ಮನೆಗೆ ಬಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಂದ ವಾರವೇ ಅಪ್ಪನ ಕಣ್ಣು ಪರೀಕ್ಷಿಸಿ ಹೊಸ ಕನ್ನಡಕ ಮಾಡಿಸಿಕೊಟ್ಟಳು. "ಇನ್ಮೇಲೆ ಇರುವೆ ಕಾಲೂ ಎಣಿಸ್ಬೋದು ಅಪ್ಪ," ಎಂದಳು. ಆ ಕನ್ನಡಕ ಮುಂದೆ ಏನೇನು ಮಾಡಿಸಿತು ಎನ್ನುವುದು ಅವಳಿಗಾಗಲಿ ನನಗಾಗಲಿ ಆಗ ಹೊಳೆಯಲಿಲ್ಲ.

ಯುದ್ಧದ ಎರಡನೆಯ ತಿಂಗಳಲ್ಲಿ ಒಬ್ಬ ಸಿಪಾಯಿ ಕ್ಷೌರ ಮಾಡಿಸಿಕೊಂಡ. ಮಾಡಿಸಿಕೊಂಡು ಸುಮ್ಮನಿರದೆ 'ಹೇಗಿದೆ ಹೊಸ ಕಟಿಂಗ್' ಎಂದು ಇಂಟರ್ನೆಟ್ಟಿನಲ್ಲಿ ಫೋಟೋ ಹಾಕಿದ. ಅವನ ಕಿವಿಯ ಹಿಂದೆ ಒಂದು ಸೇತುವೆ ಕಾಣುತ್ತಿತ್ತು. ನಾಲ್ಕು ಸಾವಿರ ಜನ ಮೆಚ್ಚಿಕೊಂಡರು, ಅವರಲ್ಲಿ ಶತ್ರುಗಳೂ ಇದ್ದರು. ಮೂರನೆಯ ದಿನ ಆ ಸೇತುವೆ ಇರಲಿಲ್ಲ, ಅದರ ಮೇಲಿದ್ದ ಹನ್ನೊಂದು ಜನರೂ ಇರಲಿಲ್ಲ. ಮರುವಾರವೇ ಆಜ್ಞೆ ಹೊರಟಿತು: ಸಿಪಾಯಿಗಳಿಗೆ ಇನ್ನು ಇಂಟರ್ನೆಟ್ ಇಲ್ಲ, ಕೈಯಲ್ಲಿ ಫೋನೂ ಇಲ್ಲ. ಮನೆಗೆ ಬರೆಯುವುದಿದ್ದರೆ ಸರ್ಕಾರ ಕೊಟ್ಟ ಕಾಗದದಲ್ಲಿ ಬರೆಯಬೇಕು, ಅದನ್ನು ತಪಾಸಣೆಯವರು ಓದಿ ಮುಂದೆ ಬಿಡುತ್ತಾರೆ. ಮನೆಯಿಂದ ಹೋಗುವ ಕಾಗದಕ್ಕೂ ಅದೇ ಕಟ್ಟಳೆ.

ನಾನು ಈ ಆಜ್ಞೆಯನ್ನು ತಪ್ಪು ಎನ್ನುವವಳಲ್ಲ. ಹನ್ನೊಂದು ತಾಯಂದಿರ ಮುಂದೆ ನಿಂತು ತಪ್ಪು ಎನ್ನುವ ಧೈರ್ಯ ಯಾರಿಗಿದೆ? ಆದರೆ ಟೀವಿಯಲ್ಲಿ ದಿನಾ ಸಂಜೆ ಏಳು ಗಂಟೆಗೆ ಇದರ ಮೇಲೆ ಜಗಳ ನಡೆಯುತ್ತಿತ್ತು. ನಿವೃತ್ತ ಜನರಲ್ ಒಬ್ಬರು, "ಒಂದು ಫೋಟೋ, ಹನ್ನೊಂದು ಹೆಣ. ಇನ್ನೇನು ಹೇಳ್ಬೇಕು," ಎನ್ನುತ್ತಿದ್ದರು. ಅವರ ಎದುರು ಕೂರುವ ಪತ್ರಕರ್ತೆ, "ಸೇತುವೆ ಮುಚ್ಚಿಡಿ, ಬೇಡ ಅನ್ನಲ್ಲ. ಬೂಟು ಸಿಕ್ಕಿಲ್ಲ, ಗಾಯಕ್ಕೆ ಔಷಧಿ ಬಂದಿಲ್ಲ ಅನ್ನೋದನ್ನೂ ಅದರ ಜೊತೆಗೇ ಯಾಕೆ ಮುಚ್ತೀರಿ," ಎಂದು ಕೇಳುತ್ತಿದ್ದಳು. ಬೂಟಿನ ಮಾತು ಬಂದ ಕೂಡಲೇ ಅವಳ ಮೈಕು ಕೆಟ್ಟುಹೋಗುತ್ತಿತ್ತು. ಇಬ್ಬರ ಮಾತೂ ಸರಿ ಎನಿಸುತ್ತಿತ್ತು ನನಗೆ, ಅದಕ್ಕೇ ತಲೆನೋವು ಬರುತ್ತಿತ್ತು.

ಕಿತ್ತುಕೊಂಡ ಫೋನುಗಳನ್ನು ಎಲ್ಲಾದರೂ ಇಡಬೇಕಲ್ಲ? ನಮ್ಮ ಅಳಿಯನ ದಳದ್ದೇ ಎಂದು ನನಗೆ ಆಮೇಲೆ ತಿಳಿದ ಆರುನೂರ ನಲವತ್ತು ಫೋನುಗಳು ನಮ್ಮೂರಿನ ಹಳೆಯ ಗೋದಾಮಿಗೆ ಬಂದವು. ಕಾಯಲು ನಂಬಿಕಸ್ಥರು ಬೇಕು ಎಂದಾಗ ಯಾರೋ ಟೋಕನ್ ತಾತನ ಹೆಸರು ಹೇಳಿದರು. ಇವರು ಪೆಟ್ಟಿಗೆಯಿಂದ ಹಳೆಯ ಸಮವಸ್ತ್ರ ತೆಗೆದು ನನಗೆ ಇಸ್ತ್ರಿ ಮಾಡಲು ಕೊಟ್ಟರು. ಎರಡು ವರ್ಷದಲ್ಲಿ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ನನಗೂ ಕೆಲಸ ಸಿಕ್ಕಿತು. ಒಂದೊಂದು ಫೋನಿಗೂ ಒಂದೊಂದು ಬಟ್ಟೆಯ ಚೀಲ ಹೊಲಿಯಬೇಕಿತ್ತು, ನನ್ನ ಹೊಲಿಗೆ ಯಂತ್ರ ಹದಿನೈದು ದಿನ ಬಿಡುವಿಲ್ಲದೆ ಓಡಿತು. ಪರಿಶೀಲನೆಗೆ ಅನುಕೂಲವಾಗಲಿ ಎಂದು ಚೀಲದ ಮುಂಭಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಕಿಟಕಿ ಇರಬೇಕು ಎಂದು ಸರ್ಕಾರದ ಕಾಗದವೇ ಹೇಳಿತ್ತು. ಆ ಆರುನೂರ ನಲವತ್ತು ಕಿಟಕಿ ಹೊಲಿದವಳು ನಾನೇ, ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಇನ್ನು ಇವರ ಪ್ರತಾಪ ಕೇಳಿ. ಆಜ್ಞೆಯಲ್ಲಿ 'ಫೋನುಗಳನ್ನು ಚಾಲ್ತಿ ಸ್ಥಿತಿಯಲ್ಲಿ ಕಾಪಾಡತಕ್ಕದ್ದು' ಎಂದು ಬರೆದಿತ್ತು. ಬರೆದವರ ಮನಸ್ಸಿನಲ್ಲಿ ಇದ್ದದ್ದು ಕೆಡದಂತೆ ಇಡಿ ಎನ್ನುವುದಷ್ಟೇ. ಇವರು ಮಾತ್ರ ಚಾಲ್ತಿ ಎಂದರೆ ಚಾಲ್ತಿ ಎಂದು ಹಿಡಿದುಕೊಂಡು, ಮೂರು ದಿನಕ್ಕೊಮ್ಮೆ ಎಲ್ಲ ಫೋನಿಗೂ ಚಾರ್ಜ್ ಹಾಕಿ, ಒಂದನ್ನೂ ಆರಲು ಬಿಡದೆ ಕಾದರು. ಮೇಲಿನ ಸಾಹೇಬರು ಒಮ್ಮೆ, "ಆಫ್ ಮಾಡಿಟ್ರೆ ಆಗಲ್ವಾ," ಎಂದರಂತೆ. "ಬರವಣಿಗೇಲಿ ಕೊಡಿ ಸಾರ್," ಎಂದರು ಇವರು. ಸಾಹೇಬರು ಬರವಣಿಗೆಯ ಗೋಜಿಗೆ ಹೋಗಲಿಲ್ಲ. ಅದರ ಮೇಲೆ ಸ್ಥಿತಿ ಚೀಟಿಯ ಹಠ ಬೇರೆ. ತನ್ನ ವಸ್ತು ಹೇಗಿದೆ ಎಂದು ಯಜಮಾನನಿಗೆ ತಿಳಿಯಬೇಕು, ತಿಂಗಳಿಗೊಮ್ಮೆ ಚೀಟಿ ಹೋಗಲೇಬೇಕು ಎಂದು ಕಚ್ಚಿ ಹಿಡಿದರು. ಗಾಜು, ಬ್ಯಾಟರಿ, ಕೊನೆಯಲ್ಲಿ ಬೇರೇನಾದರೂ ಹೇಳುವುದಿದ್ದರೆ 'ಷರಾ' ಎಂದು ನಾಲ್ಕು ಸಾಲಿನ ಖಾಲಿ ಜಾಗ. ಕೆಳಗೆ ಹರಿದು ಕಳಿಸುವ ತುಂಡು, ಅದರಲ್ಲಿ 'ಮೇಲ್ಕಂಡ ಸ್ಥಿತಿ ಗಮನಿಸಿದೆ, ಒಪ್ಪಿದೆ' ಎನ್ನುವ ಮುದ್ರಿತ ಸಾಲು, ಸಿಪಾಯಿಯ ಮಾತಿಗೂ ಒಂದಿಷ್ಟು ಜಾಗ. ಸಾಹೇಬರು ಓದದೆ ಸಹಿ ಹಾಕಿದರು. ಚೀಟಿಗಳು ಲಾರಿಯ ಬಿಡಿಭಾಗಗಳ ಮೂಟೆಯಲ್ಲಿ ಗಡಿಗೆ ಹೋಗುತ್ತಿದ್ದವು. ತಪಾಸಣೆಯವರಿಗೆ ಕಾಗದ ಓದಲು ಹೇಳಿದ್ದರು, ಚೀಟಿ ಓದಲು ಯಾರೂ ಹೇಳಿರಲಿಲ್ಲ.

ಅಂತೂ ಇಡೀ ದೇಶದಲ್ಲಿ ಸುದ್ದಿಗೆ ಬೀಗ ಬಿದ್ದಾಗ, ಆ ಬೀಗದ ಒಳಗೆ ಕೂತವರು ನಮ್ಮ ಯಜಮಾನರು. ಹಲಗೆಗಳ ಮೇಲೆ ಸಾಲಾಗಿ ನೇತುಹಾಕಿದ ಫೋನುಗಳು ದಿನವಿಡೀ ಮಿಣಮಿಣ ಎನ್ನುತ್ತಿದ್ದವು. ಯಾರ ಕೈಗೂ ಹೋಗುವುದಿಲ್ಲ ಎಂದು ಗೊತ್ತಿದ್ದೂ ಮನೆಯವರು ಬರೆಯುವುದನ್ನು ನಿಲ್ಲಿಸಿರಲಿಲ್ಲ. ಫೋನು ಬಿಚ್ಚಬೇಕಿರಲಿಲ್ಲ, ಸುದ್ದಿ ಬಂದ ಕೂಡಲೇ ಗಾಜಿನ ಮೇಲೆ ಎರಡು ಸಾಲು ತಾನಾಗಿ ಮೂಡುತ್ತಿತ್ತು. 'ಅಪ್ಪ ಮೆಟ್ಟಿಲಿಂದ ಬಿದ್ದರು, ಈಗ ನಡೆಯುತ್ತಾರೆ.' 'ನಾನು ಪಾಸಾದೆ ಅಣ್ಣ.' 'ಇನ್ನು ಕಾಯೋಕೆ ಆಗಲ್ಲ, ಕ್ಷಮಿಸು.' ಇವರು ಮೊದಲ ತಿಂಗಳು ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕೆಲಸ ಮಾಡಿದರಂತೆ. ಆದರೆ ಗಾಜಿನಲ್ಲಿ ಬಿರುಕಿದೆಯೇ ಎಂದು ಗಾಜು ನೋಡದೆ ಬರೆಯುವುದು ಹೇಗೆ? ಮಗಳು ಮಾಡಿಸಿಕೊಟ್ಟ ಕನ್ನಡಕ ಬೇರೆ ಮೂಗಿನ ಮೇಲಿತ್ತು.

ಇತ್ತ ಮನೆಯಲ್ಲಿ ಬೇರೆಯೇ ಬಿರುಕು ಬಿಟ್ಟಿತ್ತು. ನಾಲ್ಕನೆಯ ತಿಂಗಳ ಪರೀಕ್ಷೆಗೆ ಹೋದಾಗ ಡಾಕ್ಟರಮ್ಮ ಮಗಳ ಹೊಟ್ಟೆಯಲ್ಲಿ ಮಗುವಿನ ಪಕ್ಕ ಒಂದು ಗೆಡ್ಡೆ ಬೆಳೆಯುತ್ತಿದೆ ಎಂದರು. "ಈಗ ತೆಗೆದ್ರೆ ಮಗು ಉಳಿಯುತ್ತೆ ಅಂತ ಖಚಿತವಾಗಿ ಹೇಳಲಾರೆ. ಬಿಟ್ರೆ ನಿಮಗೇ ಅಪಾಯ. ಮುಂದಿನ ತಿಂಗಳು ಹದಿನೈದನೇ ತಾರೀಖಿನೊಳಗೆ ಆಗ್ಬೇಕು," ಎಂದರು. ಮಗಳು ಕಣ್ಣೊರೆಸಿಕೊಂಡು, "ಅವ್ರನ್ನ ಒಂದ್ ಮಾತು ಕೇಳ್ದೆ ನಾನು ಸಹಿ ಹಾಕಲ್ಲ," ಎಂದಳು. ಹಠದಲ್ಲಿ ಥೇಟು ಅಪ್ಪನ ಮಗಳು. ಅಪ್ಪನಿಗೆ ಈ ವಿಷಯ ತಿಳಿಯಬಾರದು, ಅವರಿಗೆ ರಕ್ತದೊತ್ತಡ ಎಂದು ದಾರಿಯಲ್ಲೇ ನಾವಿಬ್ಬರೂ ತೀರ್ಮಾನಿಸಿದೆವು. ಸರ್ಕಾರವನ್ನು ಬೈಯುತ್ತಿದ್ದ ನಾನೇ ಮನೆಯಲ್ಲೊಂದು ತಪಾಸಣೆಯ ಕಚೇರಿ ತೆರೆದಿದ್ದೆ.

ಅಳಿಯನಿಗೆ ಕಾಗದ ಬರೆದೆವು. ಹದಿನಾಲ್ಕು ದಿನಕ್ಕೆ ಉತ್ತರ ಬಂತು. 'ನಿನ್ನ ಕಾಗದ ತಲುಪಿತು. ಡಾಕ್ಟರು ಹೇಳಿದರು ಎನ್ನುವವರೆಗೆ ಓದಿದೆ, ಆಮೇಲಿನ ಒಂಬತ್ತು ಸಾಲಿಗೆ ಕಪ್ಪು ಬಳಿದಿದ್ದಾರೆ. ಕೊನೆಯಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಇತ್ತು. ಓದಿ ಸಂತೋಷವಾಯಿತು.' ಸಿಪಾಯಿಯ ಎದೆಗುಂದಿಸುವ ಸುದ್ದಿ ಕಳಿಸಬಾರದು ಎಂದು ಕಟ್ಟಳೆ ಇತ್ತಂತೆ. ತಾರೀಖು, ಊರು, ಸಂಖ್ಯೆ ಯಾವುದೂ ಬರೆಯಬಾರದಂತೆ, ಅವರೂ ಬರೆಯಬಾರದು, ನಾವೂ ಬರೆಯಬಾರದು. ಮಗಳು ಆ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡಳು. ದಿನಾ ಮಧ್ಯಾಹ್ನ ಅಂಗಡಿಯ ಬಿಡುವಿನಲ್ಲಿ ಫೋನು ಹಿಡಿದು ಗಂಡನಿಗೆ ಬರೆಯುತ್ತಲೇ ಇದ್ದಳು. "ಯಾಕೆ ಬರೀತೀಯ, ಎಲ್ಲೋ ಗೋದಾಮಲ್ಲಿ ಬಿದ್ದಿರೋ ಫೋನಿಗೆ," ಎಂದರೆ, "ಹೊಟ್ಟೇಲಿ ಇಟ್ಕೊಳ್ಳೋಕಾಗಲ್ಲ ಅಮ್ಮ, ಬರೆದ್ರೆ ಹಗುರ," ಎನ್ನುತ್ತಿದ್ದಳು. ಗಂಡನ ಫೋನು ಅಪ್ಪನ ಕೈಯಲ್ಲೇ ಇದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಯಾವ ದಳದ ಫೋನುಗಳು ಎಂದು ಹೇಳಬಾರದೆಂದು ಇವರಿಂದ ಪ್ರಮಾಣ ಮಾಡಿಸಿಕೊಂಡಿದ್ದರು, ಇವರು ತುಟಿ ಬಿಚ್ಚಿರಲಿಲ್ಲ.

ಆ ದಿನಗಳಲ್ಲಿ ಇವರಲ್ಲಿ ಕೆಲವು ಬದಲಾವಣೆ ಕಂಡೆ. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿಗೆ ಅಂಟಿಸುವುದು ಇವರ ಹುಟ್ಟುಗುಣ, ಹಠಾತ್ತನೆ ಅದನ್ನು ಬಿಟ್ಟರು. ಟೀವಿ ಮುಂದೆ ಬಾಯಿ ತೆರೆದುಕೊಂಡು ತೂಕಡಿಸುತ್ತಿದ್ದವರು ಕರವಸ್ತ್ರ ಅಡ್ಡ ಹಿಡಿದು ತೂಕಡಿಸತೊಡಗಿದರು. ಮಗಳು ಮೆಟ್ಟಿಲ ಹತ್ತಿರ ಬಂದರೆ ಓಡಿಹೋಗಿ ಅವಳ ಚೀಲ ಇಸಿದುಕೊಳ್ಳುತ್ತಿದ್ದರು. ಬಸುರಿ ಮಗಳ ಮೇಲಿನ ಮಮತೆ ಎಂದುಕೊಂಡೆ. ಅಸಲು ಸಂಗತಿ ಏನೆಂದರೆ ಆರುನೂರ ಹನ್ನೊಂದನೆಯ ಚೀಲದ ಕಿಟಕಿಯಲ್ಲಿ ದಿನಾ ಮಧ್ಯಾಹ್ನ ಇವರ ಮೇಲಿನ ದೂರುಗಳು ಒಂದೊಂದಾಗಿ ಮೂಡುತ್ತಿದ್ದವು. 'ಅಪ್ಪ ಇವತ್ತೂ ಸಾಬೂನು ಅಂಟಿಸಿದರು.' 'ಅಪ್ಪ ಬಾಯಿ ತೆರೆದರೆ ನೊಣ ಒಳಗೆ ಹೋಗಿ ಹೊರಗೆ ಬರುತ್ತೆ.' ಸಾಬೂನು, ನೊಣಗಳ ನಡುವೆ ಒಂದು ಮಧ್ಯಾಹ್ನ ಗೆಡ್ಡೆಯ ಸುದ್ದಿ, ಡಾಕ್ಟರಮ್ಮ ಹೇಳಿದ ತಾರೀಖು ಎಲ್ಲ ಒಂದರ ಹಿಂದೊಂದು ಬಂದವು. 'ನೀನು ಹೇಳಿದ ಹಾಗೆ ಮಾಡ್ತೀನಿ. ಬೇಡ ಅಂದ್ರೆ ಬೇಡ, ಮಾಡಿಸ್ಕೋ ಅಂದ್ರೆ ಮಾಡಿಸ್ಕೋತೀನಿ. ಅಪ್ಪಂಗೆ ಹೇಳಿಲ್ಲ.' ಕೊನೆಯ ಎರಡು ಪದ ಓದಿ ಇವರು ಸ್ಟೂಲಿನ ಮೇಲೆ ಕೂತುಬಿಟ್ಟರಂತೆ. ಸಂಜೆ ಮನೆಗೆ ಬಂದಾಗ ಎಂದಿನಂತೆ ಕೈಕಾಲು ತೊಳೆದು, ಚಹಾ ಕುಡಿದು, "ಇವತ್ತು ಸೆಖೆ ಜಾಸ್ತಿ," ಎಂದಷ್ಟೇ ಹೇಳಿದರು.

ಮರುದಿನ ಗೋದಾಮಿಗೆ ಹೋದವರೇ ಆರುನೂರ ಹನ್ನೊಂದರ ಚೀಟಿ ಬರೆದರು. ಷರಾದ ನಾಲ್ಕು ಸಾಲಿನಲ್ಲಿ ಎಲ್ಲವನ್ನೂ ಬರೆದರು. ಬರೆದು, ಮಡಿಸಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಕಳಿಸಲಿಲ್ಲ. ಯಾಕೆಂದು ಕೇಳುತ್ತೀರಾ? ಸಾಲು. ಆರುನೂರ ಹತ್ತು ಜನರ ಹಿಂದೆ ನಿಂತವನ ಕೈಗೆ ಮೊದಲು ಚೀಟಿ ಕೊಡುವುದು ಹೇಗೆ? ತಮ್ಮ ಮನೆಯ ಸುದ್ದಿಗೆ ಷರಾ ಬರೆದು ಉಳಿದವರಿಗೆ 'ಗಾಜು ಸರಿ ಇದೆ' ಎಂದು ಬರೆಯುವುದು ಹೇಗೆ? ಹೀಗಾಗಿ ಒಂದನೆಯ ಟೋಕನ್ನಿನಿಂದ ಶುರು ಮಾಡಿದರು. ಯಾರ ಗಾಜಿನ ಮೇಲೆ ಏನು ಮುಖ್ಯವಾದದ್ದು ಕಂಡಿದೆಯೋ ಅದನ್ನು ಅವರವರ ಚೀಟಿಯಲ್ಲಿ ಬರೆದರು. ಮನೆ ಬದಲಾಯಿಸಿದ್ದು, ಕೈ ಮುರಿದದ್ದು, ಪಾಸಾದದ್ದು, ಕಾಯಲಾರೆ ಎಂದದ್ದು. ದಿನಕ್ಕೆ ನಲವತ್ತು ಚೀಟಿ, ದಿನಾ ಸಂಜೆಯ ಮೂಟೆಗೆ. ಹದಿನಾರನೆಯ ದಿನಕ್ಕೆ ಅಳಿಯನ ಸರದಿ ಬರುತ್ತದೆ, ಚೀಟಿ ತಲುಪಿ ಉತ್ತರ ಬರಲು ಎಂಟು ದಿನ, ಹದಿನೈದನೇ ತಾರೀಖಿಗೆ ಇನ್ನೂ ಎರಡು ದಿನ ಕೈಯಲ್ಲಿರುತ್ತದೆ ಎಂದು ಲೆಕ್ಕ ಹಾಕಿದ್ದರು. ಸೇತುವೆಯ ಸುದ್ದಿ, ಊರಿನ ಸುದ್ದಿ ಒಂದನ್ನೂ ಬರೆಯಲಿಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಇಡೀ ಸೈನ್ಯದಲ್ಲಿ ಯಾವುದನ್ನು ಮುಚ್ಚಬೇಕು, ಯಾವುದನ್ನು ಮುಚ್ಚಬಾರದು ಎಂದು ಸರಿಯಾಗಿ ತಿಳಿದಿದ್ದ ಒಬ್ಬರೇ ಒಬ್ಬರು ನಮ್ಮ ಮನೆಯಲ್ಲಿದ್ದರು.

ಹದಿಮೂರನೆಯ ದಿನ ಸಂಜೆ ನಾವು ಮೂವರೂ ಟೀವಿ ಮುಂದೆ ಊಟಕ್ಕೆ ಕೂತಿದ್ದೆವು. ಅವತ್ತು ಚರ್ಚೆಗೆ ಸಿಪಾಯಿಗಳ ಮನೆಯವರನ್ನೂ ಕರೆಸಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ತಾಯಿ ಎದ್ದು ನಿಂತು, ಸರ್ಕಾರದ ಪರವಾಗಿ ಪತ್ರಕರ್ತೆಯನ್ನು ತರಾಟೆಗೆ ತೆಗೆದುಕೊಂಡಳು. "ಸುದ್ದಿ ಹೋಗಲ್ಲ ಅಂತ ಯಾರ್ ಹೇಳಿದ್ದು ನಿಮಗೆ? ನನ್ ಕೈ ಮುರಿದಿದ್ದು ವಾರದೊಳಗೆ ನನ್ ಮಗಂಗೆ ಗೊತ್ತಾಗಿದೆ. ಕೈ ಹೇಗಿದೆ ಅಂತ ಕಾಗದ ಬರ್ದಿದಾನೆ. ಫೋನ್ ಇಟ್ಟಿರೋ ಗೋದಾಮಿನವ್ರು ಚೀಟೀಲಿ ಬರ್ದು ಕಳಿಸ್ತಾರಂತೆ. ಇಷ್ಟು ಚೆನ್ನಾಗಿ ನೋಡ್ಕೊಳ್ಳೋ ಸರ್ಕಾರನ ಬೈತೀರಲ್ಲ." ಸರ್ಕಾರದ ವಕ್ತಾರರು ಎರಡು ಸೆಕೆಂಡು ನಗುತ್ತಾ ತಲೆಯಾಡಿಸಿದರು. ಮೂರನೆಯ ಸೆಕೆಂಡಿಗೆ ಅವರ ನಗು ಹಾಗೆಯೇ ನಿಂತಿತು, ತಲೆ ಆಡುವುದು ನಿಂತಿತು. ಪಾಪ, ಆ ತಾಯಿ ಮಾಡಿದ್ದು ಉಪಕಾರವೇ. ಇವರು ತುತ್ತನ್ನು ಬಾಯಲ್ಲಿಟ್ಟುಕೊಂಡು ಅಗಿಯದೆ ಕೂತಿದ್ದರು.

ಮರುದಿನ ಹನ್ನೆರಡು ಗಂಟೆಗೆಲ್ಲ ಮನೆಗೆ ಬಂದರು. ಊಟದ ಡಬ್ಬಿ ತೆರೆದಿರಲಿಲ್ಲ. ಮಗಳು ಅಂಗಡಿಗೆ ಹೋಗಿದ್ದಳು. ಕುರ್ಚಿಯಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಾ, ಬೂಟಿಗೇ ಹೇಳುವಂತೆ ಎಲ್ಲವನ್ನೂ ಹೇಳಿದರು. ಬೆಳಗ್ಗೆ ಮೂವರು ಸಾಹೇಬರು ಬಂದದ್ದು, ಚೀಟಿ ಪುಸ್ತಕಗಳನ್ನೆಲ್ಲ ಕಟ್ಟಿಕೊಂಡು ಹೋದದ್ದು, ಬೀಗದ ಕೈ ಇಸಿದುಕೊಂಡದ್ದು. ಐನೂರ ಇಪ್ಪತ್ತರವರೆಗೆ ಚೀಟಿ ಹೋಗಿದ್ದವು.

"ಹಾಗಾದ್ರೆ ಮಗಳ ವಿಷಯ ನಿಮಗೆ ಗೊತ್ತಿತ್ತಾ?" ಎಂದೆ.

"ನಿನಗೂ ಗೊತ್ತಿತ್ತಲ್ಲ," ಎಂದರು.

"ಅಳಿಯಂದ್ರ ಚೀಟಿ ಹೋಯ್ತಾ?"

ಅವರು ಜೇಬಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಹದಿಮೂರು ದಿನ ಜೇಬಿನಲ್ಲಿದ್ದು ಮಡಿಕೆಗಳು ಸವೆದಿದ್ದವು. ಓದಿದೆ. 'ಟೋಕನ್ 611. ಗಾಜು ಸರಿ. ಬ್ಯಾಟರಿ ಸರಿ. ಷರಾ: ಹೆಂಡತಿಗೆ ಹೊಟ್ಟೆಯಲ್ಲಿ ಗೆಡ್ಡೆ, ಮಗುವಿನ ಪಕ್ಕ. ಬೇಗ ಆಪರೇಷನ್ ಆಗಬೇಕೆಂದು ಡಾಕ್ಟರರ ಮಾತು. ಮಗು ಉಳಿಯುವುದು ಖಚಿತವಿಲ್ಲ. ನಿಮ್ಮ ಒಪ್ಪಿಗೆಗೆ ಕಾಯುತ್ತಿದ್ದಾಳೆ.' ತಾವು ಮಾವ ಎನ್ನುವುದನ್ನು ಎಲ್ಲೂ ಬರೆದಿರಲಿಲ್ಲ.

ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಎದುರಾಡಿದ್ದೇನೆ, ಆದರೆ ಹಾಗೆ ಕೂಗಿದ್ದು ಅದೇ ಮೊದಲು. "ಒಂದೇ ಒಂದು ಚೀಟಿ ಮೊದಲು ಕಳಿಸೋಕೆ ನಿಮ್ ಕೈಗೇನಾಗಿತ್ತು? ನಮ್ಮಪ್ಪನ್ನ ನಿಲ್ಲಿಸಿದ್ರಿ, ಸಹಿಸ್ಕೊಂಡೆ. ಹೆತ್ತ ಮಗಳನ್ನೂ ಸಾಲಲ್ಲಿ ನಿಲ್ಲಿಸಿದ್ರಲ್ಲ."

ಅವರು ಬಿಚ್ಚಿದ ಬೂಟುಗಳನ್ನು ಜೋಡಿಸಿಟ್ಟರು. ಆಮೇಲೆ, "ನಾಲ್ಕನೇ ಟೋಕನ್ನಿನವನ ಮಗಳಿಗೂ ಆಪರೇಷನ್ ಇತ್ತು ಕಣೆ," ಎಂದರು. "ಯಾರ್ನ ಹಿಂದೆ ಕಳಿಸ್ಲಿ?" ಅವರ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟು ಇಳಿಯಲಿಲ್ಲ. ಡಬ್ಬಿಯಲ್ಲಿದ್ದ ಊಟವನ್ನು ಬಿಸಿ ಮಾಡಿ ತಂದು ಅವರ ಮುಂದೆ ಕುಕ್ಕಿದೆ.

ವಿಚಾರಣೆ ಎರಡು ದಿನ ನಡೆಯಿತು. "ಸುದ್ದಿ ಯಾಕೆ ಓದಿದಿರಿ?" ಎಂದು ಕೇಳಿದರಂತೆ. "ಓದ್ಲಿಲ್ಲ ಸಾರ್, ಗಾಜು ನೋಡ್ದೆ. ಅದು ಗಾಜಿನ ಮೇಲಿತ್ತು," ಎಂದರಂತೆ ಇವರು. ಯಾವ ದೇಶದವರು ಇವರನ್ನು ಕಳಿಸಿದ್ದು ಎಂದು ಒಬ್ಬರು ಕೇಳಿದಾಗ ಇವರು, "ರೈಲ್ವೆಯವರು ಸಾರ್," ಎಂದರಂತೆ. ಜೈಲಿಗೆ ಹಾಕಬೇಕೆಂದು ಜನರಲ್ ಟೀವಿಯಲ್ಲಿ ಹೇಳಿದರು, ಪದಕ ಕೊಡಬೇಕೆಂದು ಪತ್ರಕರ್ತೆ ಹೇಳಿದಳು, ಅವಳ ಮೈಕು ಕೆಟ್ಟಿತು. ಅಷ್ಟರಲ್ಲಿ ಆ ದಳದ ಸಿಪಾಯಿಗಳ ಉತ್ಸಾಹ ಹೆಚ್ಚಾಗಿದೆ ಎಂದು ಗಡಿಯಿಂದ ವರದಿ ಬಂದಿತ್ತು. ಇಂಟರ್ನೆಟ್ ನಿಲ್ಲಿಸಿದ್ದರ ಫಲ ಇದು ಎಂದು ಮಂತ್ರಿಗಳು ಹೇಳಿಕೆ ಕೊಟ್ಟರು. ಈ ಹೇಳಿಕೆಯ ನಡುವೆ ಟೋಕನ್ ತಾತನನ್ನು ಜೈಲಿಗೆ ಹಾಕುವುದು ಸರಿಹೋಗುವುದಿಲ್ಲ ಎಂದು, ವಯಸ್ಸಿನ ಕಾರಣ ಹೇಳಿ ಬಿಟ್ಟುಕಳಿಸಿದರು. ಕೊನೆಗೆ ಹೊರಟ ಆಜ್ಞೆ ಇಷ್ಟೇ: 'ಚೀಲಗಳ ಕಿಟಕಿಗಳನ್ನು ಬಟ್ಟೆಯಿಂದ ಮುಚ್ಚತಕ್ಕದ್ದು.' ಆ ಕೆಲಸಕ್ಕೂ ಅವರು ನನ್ನ ಹತ್ತಿರವೇ ಬಂದರು. ಯಂತ್ರ ಕೆಟ್ಟಿದೆ ಎಂದೆ. ಒಳಗೆ ಯಂತ್ರ ಓಡುವ ಸದ್ದು ಅವರಿಗೆ ಕೇಳಿಸುತ್ತಿತ್ತು, ಮಗಳು ಮಗುವಿಗೆಂದು ಏನೋ ಹೊಲಿಯುತ್ತಿದ್ದಳು.

ತಾರೀಖು ಹನ್ನೊಂದಾಯಿತು. ಮಗಳು ಇನ್ನೂ ಸಹಿ ಹಾಕಿರಲಿಲ್ಲ. ನಾನು ಅತ್ತೆ, ಬೈದೆ, ಡಾಕ್ಟರಮ್ಮನಿಂದ ಹೇಳಿಸಿದೆ. "ನಾಳೆ ಅವ್ರು ಬಂದು, ನನ್ ಮಗು ಎಲ್ಲಿ, ನನ್ನನ್ಯಾಕೆ ಕೇಳ್ಲಿಲ್ಲ ಅಂದ್ರೆ ಏನಂತ ಹೇಳ್ಲಿ ಅಮ್ಮ?" ಎನ್ನುತ್ತಿದ್ದಳು. ಅವಳ ಮುಖ ದಿನದಿನಕ್ಕೆ ಬಿಳಚಿಕೊಳ್ಳುತ್ತಿತ್ತು. ಇವರು ಅವಳಿಗೆ ಏನೂ ಹೇಳಿರಲಿಲ್ಲ. ಚೀಟಿಯ ಗಲಾಟೆಯಲ್ಲಿ ಅಪ್ಪನ ಕೆಲಸ ಹೋಯಿತು ಎಂದಷ್ಟೇ ಅವಳಿಗೆ ಗೊತ್ತಿತ್ತು, ಗಂಡನ ಫೋನೂ ಅಲ್ಲೇ ಇದ್ದದ್ದು ಗೊತ್ತಿರಲಿಲ್ಲ.

ಅವತ್ತು ಬೆಳಗ್ಗೆ ತಿಂಡಿ ಮುಗಿಸಿ ಇವರು ಹೊರಗೆ ಹೋದರು. ಒಂದು ತಾಸಿಗೆ ಮರಳಿ ಬಂದು, ಮಗಳ ಮುಂದೆ ಒಂದು ಚೀಟಿ ಇಟ್ಟರು. "ಗೋದಾಮಿನಿಂದ ಕೊಟ್ಟು ಕಳಿಸಿದ್ರು. ನಿನ್ ಗಂಡಂದು. ನನಗೆ ಮೊದಲಿಂದ ಎಲ್ಲ ಗೊತ್ತಿತ್ತು ಮಗಳೆ, ಅವನಿಗೆ ತಿಳಿಸಿದ್ದೂ ನಾನೇ. ಬೈಬೇಡ," ಎಂದರು. ಹೇಳುವಾಗ ಗೋಡೆ ನೋಡುತ್ತಿದ್ದರು. ನಾನು ಒಲೆಯ ಹತ್ತಿರ ನಿಂತಲ್ಲೇ ನಿಂತೆ. ಅದು ಜೇಬಿನಲ್ಲಿ ಮಡಿಕೆ ಸವೆದ ಅದೇ ಆರುನೂರ ಹನ್ನೊಂದು. ಕೆಳಗಿನ ತುಂಡಿನಲ್ಲಿ 'ಒಪ್ಪಿದೆ' ಎನ್ನುವ ಮುದ್ರಿತ ಸಾಲಿನ ಕೆಳಗೆ, ಎಡಕ್ಕೆ ವಾಲಿಸಿ ವಾಲಿಸಿ ಬರೆದ ಅಕ್ಷರಗಳಿದ್ದವು: 'ಆಪರೇಷನ್ ಮಾಡಿಸಿಕೋ. ಮೊದಲು ನೀನು. ಮಿಕ್ಕಿದ್ದು ಆಮೇಲೆ.' ಅದರಡಿ ತಾರೀಖು.

ಮಗಳು ಅದನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಕನ್ನಡಕದ ಅಂಗಡಿಯವರು ಗಾಜು ಒರೆಸುವ ಹಾಗೆ ಕಾಗದವನ್ನು ಮೆಲ್ಲಗೆ ಸವರಿ, "ಸರಿ ಅಪ್ಪ, ನಡೀರಿ ಆಸ್ಪತ್ರೆಗೆ," ಎಂದಳು. ಇವರು ಆಟೋ ಕರೆಯಲು ಹೊರಗೆ ಹೋದದ್ದೇ ತಡ, ನನ್ನ ಕೈ ಹಿಡಿದು ಚೀಟಿ ತೋರಿಸಿದಳು. ತಾರೀಖಿನ ಎರಡು ಒಂದುಗಳಿಗೂ ತಲೆಯ ಮೇಲೆ ಟೋಪಿ, ಕಾಲಿಗೆ ಪೀಠ. ಏಳು ಎಂದು ಯಾರೂ ತಪ್ಪು ತಿಳಿಯಬಾರದೆಂದು ಮೂವತ್ತೊಂದು ವರ್ಷ ಟೋಕನ್ನುಗಳ ಮೇಲೆ ಬರೆದ ಒಂದು. ಅವಳ ಶಾಲೆಯ ಪ್ರತಿ ಪುಸ್ತಕದ ಮೇಲೂ ಇದ್ದ ಒಂದು. ಅಕ್ಷರವನ್ನು ಹೇಗೋ ವಾಲಿಸಿದ್ದರು, ತಾರೀಖಿಲ್ಲದ ಕಾಗದ ಬಿಡಲು ಮಾತ್ರ ಅವರಿಂದ ಆಗಿರಲಿಲ್ಲ. ಸಿಪಾಯಿಗಳು ತಾರೀಖು ಬರೆಯುವ ಹಾಗಿಲ್ಲ ಎನ್ನುವುದನ್ನೂ ಮರೆತಿದ್ದರು.

"ಗೊತ್ತಾದ ಮೇಲೂ ಹೊರಟೆಯಲ್ಲ?" ಎಂದೆ.

"ಅಪ್ಪ ನನಗೋಸ್ಕರ ಸುಳ್ಳು ಬರ್ದಿದಾರೆ ಅಮ್ಮ," ಎಂದಳು. "ಅವ್ರು ಇಷ್ಟು ಮಾಡಿದ್ಮೇಲೆ ನಾನು ಬೇಡ ಅನ್ನೋದು ಹೇಗೆ? ನನಗೆ ಗೊತ್ತಾಯ್ತು ಅಂತ ಅವ್ರಿಗೆ ಹೇಳ್ಬೇಡ." ಮನೆಯ ತಪಾಸಣೆಯ ಕಚೇರಿಗೆ ಇನ್ನೊಂದು ಕಡತ ಬಂತು, ನಾನು ಅದನ್ನೂ ಸೆರಗಿನಲ್ಲಿ ಕಟ್ಟಿಕೊಂಡೆ. ಹೊರಗೆ ಆಟೋ ಬಂದು ನಿಂತ ಸದ್ದಾಯಿತು.

ಗೆಡ್ಡೆ ತೆಗೆದರು. ಮಗು ಗಟ್ಟಿಗಿತ್ತಿ, ಅಮ್ಮನನ್ನು ಬಿಟ್ಟು ಕದಲಲಿಲ್ಲ. ನಾಲ್ಕು ತಿಂಗಳ ಮೇಲೆ ತನ್ನ ಹೊತ್ತಿಗೆ ಸರಿಯಾಗಿ ಹುಟ್ಟಿದಳು. ಹೆಣ್ಣು ಎಂದು ತಿಳಿಸಿದ ಕಾಗದದಲ್ಲಿ ತೂಕ ಬರೆದಿದ್ದೆವು, ಸಂಖ್ಯೆ ಎಂದು ಅದಕ್ಕೂ ಕಪ್ಪು ಬಳಿದರಂತೆ.

ಮಗುವಿಗೆ ಹಲ್ಲು ಮೂಡುವ ಹೊತ್ತಿಗೆ ಕದನ ವಿರಾಮವಾಗಿ ಅಳಿಯ ರಜೆಯ ಮೇಲೆ ಬಂದ. ಬರುವ ದಾರಿಯಲ್ಲಿ ಗೋದಾಮಿಗೆ ಹೋಗಿ ತನ್ನ ಫೋನು ಬಿಡಿಸಿಕೊಂಡು ಬಂದಿದ್ದ. ಸಂಜೆ ಮೆಟ್ಟಿಲ ಮೇಲೆ ಒಬ್ಬನೇ ಕೂತು, ಮೊದಲಿನಿಂದ ಓದತೊಡಗಿದ. ಸಾಬೂನಿಗೆ ನಕ್ಕ, ನೊಣಕ್ಕೆ ಜೋರಾಗಿ ನಕ್ಕ, ಆಮೇಲೆ ನಗು ನಿಂತಿತು. ನಾನು ಚಹಾ ತಂದಾಗ ಅವನು ಫೋನನ್ನು ನನ್ನ ಕಡೆ ತಿರುಗಿಸಿದ. ಹನ್ನೊಂದನೇ ತಾರೀಖಿನ ಸುದ್ದಿ ಇತ್ತು: 'ನಿನ್ನ ಒಪ್ಪಿಗೆ ಬಂತು. ಅಪ್ಪನ ಕೈಬರಹದಲ್ಲಿದೆ. ಮೊದಲು ನೀನು ಅಂತ ಬರೆದಿದ್ದೀಯ. ಹೋಗುತ್ತಿದ್ದೇನೆ.'

"ಅತ್ತೆ, ಇದನ್ನ ನಾನು ಯಾವಾಗ ಬರ್ದೆ?" ಎಂದ, ತಗ್ಗಿದ ದನಿಯಲ್ಲಿ.

ನಾನು ತುಟಿಯ ಮೇಲೆ ಬೆರಳಿಟ್ಟು ಒಳಗಿನ ಕೋಣೆ ತೋರಿಸಿದೆ. ಅವನಿಗೆ ಅರ್ಥವಾಯಿತು. ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು, ತೋಳಿನಿಂದ ಕಣ್ಣೊರೆಸಿಕೊಂಡ.

ಒಳಗಿನಿಂದ ಇವರು ಮಗುವನ್ನು ಎತ್ತಿಕೊಂಡು ಬಂದರು. "ಫೋನು ತಗೊಳ್ಳೋವಾಗ ಗಾಜು ನೋಡ್ಕೊಂಡ್ರಾ? ಗೀರು ಬಿರುಕು ಇದ್ರೆ ಅಲ್ಲೇ ಹೇಳ್ಬೇಕಿತ್ತು," ಎಂದರು.

"ಏನೂ ಇಲ್ಲ ಮಾವ," ಎಂದ ಅಳಿಯ. "ಕೊಟ್ಟ ಹಾಗೇ ಇದೆ."

"ಹಾಗಿದ್ರೆ ಸರಿ," ಎಂದು ಇವರು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ, ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೋದರು.